ಆನೆ ಕೂತರೂ ಅಲುಗದ ಕುರ್ಚಿ

ಜಾಹೀರಾತಿನೊಳಗೆ ಆನೆಯನ್ನು ಎಳೆದು ತರುವ ಮುನ್ನ ಮನುಷ್ಯನಾದವನು ಎರಡು ಸಲ ಯೋಚಿಸಬೇಕು. ಸ್ಟುಡಿಯೋ ಮಾಮ ಒಂದು ಸಲವೂ ಯೋಚಿಸಲಿಲ್ಲ. ಯೋಚಿಸಿದ್ದರೆ ಅವರ ಭಾವಮೈದುನ ಮೇಜಿನ ಕೆಳಗೆ ಅಡಗುತ್ತಿರಲಿಲ್ಲ, ನಿವೃತ್ತ ಹೆಡ್‌ಮೇಡಂ ತಮ್ಮ ತೂಕವನ್ನು ಲಕೋಟೆಯಲ್ಲಿಟ್ಟು ಅರಗು ಹಾಕುತ್ತಿರಲಿಲ್ಲ, ಹಿಟ್ಟಿನ ಗಿರಣಿಯಲ್ಲಿ ಮೂಟೆ ತೂಗುವ ಯಂತ್ರ ಮನುಷ್ಯರನ್ನು ತೂಗುವ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಆದರೆ ಯೋಚಿಸಿ ಬರೆದ ಜಾಹೀರಾತು ನೋಡಿ ಯಾರು ತಾನೆ ದುಡ್ಡು ಬಿಚ್ಚುತ್ತಾರೆ?

ಬೀದಿಯ ಮಕ್ಕಳಿಗೆ ಅವರು ಸ್ಟುಡಿಯೋ ಮಾಮ. ಮಕ್ಕಳನ್ನು ಕೇಳಿ ಕೇಳಿ ಅಪ್ಪ ಅಮ್ಮಂದಿರಿಗೂ ಸ್ಟುಡಿಯೋ ಮಾಮ. ಎಂಬತ್ತು ದಾಟಿದ ಅಜ್ಜಿಯೊಬ್ಬರೂ ಹಾಗೇ ಕರೆಯತೊಡಗಿದಾಗ ಅವರು ತಮ್ಮ ವಯಸ್ಸಿನ ಲೆಕ್ಕ ಇಡುವುದನ್ನು ಕೈಬಿಟ್ಟರು. ಬೀದಿಯ ತಿರುವಿನಲ್ಲಿ ಮೂವತ್ತೊಂದು ವರ್ಷದಿಂದ ಅವರ ಫೋಟೋ ಸ್ಟುಡಿಯೋ ಇದೆ. ಮುಂದೆ ಗಾಜಿನ ಷೋಕೇಸು, ಒಳಗೆ ಕನ್ನಡಿ, ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ, ಅದಕ್ಕೂ ಒಳಗೆ ಫೋಟೋ ತೆಗೆಯುವ ಕೋಣೆ. ಆ ಕೋಣೆಯ ಅರ್ಧ ಭಾಗವನ್ನು ಒಂದು ಕುರ್ಚಿ ಆಕ್ರಮಿಸಿಕೊಂಡಿತ್ತು.

ತೇಗದ ಕುರ್ಚಿ. ಬೆನ್ನಿನ ಹಲಗೆ ಕೂತವರ ತಲೆಗಿಂತ ಎರಡು ಗೇಣು ಎತ್ತರ. ಎರಡೂ ಕೈಗಳ ತುದಿಯಲ್ಲಿ ಸಿಂಹದ ತಲೆ. ಎಡಗಡೆಯ ಸಿಂಹಕ್ಕೆ ಮೂಗಿರಲಿಲ್ಲ. ಹಲ್ಲು ಬರುವ ವಯಸ್ಸಿನ ಮಕ್ಕಳು ತಲೆಮಾರುಗಟ್ಟಲೆ ಚೀಪಿ ಅದನ್ನು ಸವೆಸಿಬಿಟ್ಟಿದ್ದರು. ಆ ಬೀದಿಯಲ್ಲಿ ಹುಟ್ಟಿದವರು, ಮದುವೆಯಾದವರು, ನಿವೃತ್ತರಾದವರು ಎಲ್ಲರೂ ಒಂದು ಗಳಿಗೆ ಅದರ ಮೇಲೆ ಕೂತು, ಉಸಿರು ಬಿಗಿಹಿಡಿದು, ಆಮೇಲೆ ಮುಂದಿನ ಬದುಕಿಗೆ ನಡೆದವರು. ಈಗ ಕಾಲ ಬದಲಾಗಿತ್ತು. ಮದುವೆಯ ಜೋಡಿಗಳು ಕೂರುವುದೇ ಇಲ್ಲ, ಹುಲ್ಲಿನ ಮೇಲೆ ಓಡುತ್ತಾರೆ, ಹಿಂದೆ ಫೋಟೋದವನೂ ಓಡಬೇಕು. ಸ್ಟುಡಿಯೋಗೆ ಬರುವವರು ಪಾಸ್‌ಪೋರ್ಟ್ ಸೈಜಿನವರು ಮಾತ್ರ, ಅವರಿಗೆ ಸ್ಟೂಲು ಸಾಕು. ಸಾಲದ್ದಕ್ಕೆ ಹಳೆಯ ಪ್ರಿಂಟರು ಹಠ ಹಿಡಿದು ಎಲ್ಲರ ಮುಖವನ್ನೂ ಹಸಿರು ಮಾಡುತ್ತಿತ್ತು. ವಿದೇಶಕ್ಕೆ ಹೊರಟ ಒಬ್ಬರ ಅರ್ಜಿಯನ್ನು ಕಚೇರಿಯವರು 'ಮೊದಲು ಹುಷಾರಾಗಿ, ಆಮೇಲೆ ಬನ್ನಿ' ಎಂದು ಹಿಂದಿರುಗಿಸಿದ್ದರಂತೆ. ಹೊಸ ಪ್ರಿಂಟರು ಬರಬೇಕು, ಇಲ್ಲವೇ ಅಂಗಡಿಗೆ ಬೀಗ ಬೀಳಬೇಕು. ಮೂರನೆಯ ದಾರಿ ಇರಲಿಲ್ಲ.

ಹಾಗಾಗಿ ಮಾಮ ಕುರ್ಚಿಯನ್ನು ಆನ್‌ಲೈನಿನಲ್ಲಿ ಮಾರಾಟಕ್ಕೆ ಇಟ್ಟರು. ಫೋಟೋ ಚೆನ್ನಾಗಿಯೇ ತೆಗೆದಿದ್ದರು, ಮೂಗಿಲ್ಲದ ಸಿಂಹ ನೆರಳಿನಲ್ಲಿ ಮರೆಯಾಗಿತ್ತು. ಕೆಳಗೆ ಬರೆದರು: 'ರಾಜಗಾಂಭೀರ್ಯದ ತೇಗದ ಕುರ್ಚಿ. ಗಣ್ಯರು ಕೂತದ್ದು. ಆನೆ ಕೂತರೂ ಅಲುಗದು. ಖಾತ್ರಿ.'

ಅವರ ಹೆಂಡತಿ ಯಾವುದನ್ನೂ ಎರಡು ಸಲ ಓದದೆ ಕೆಳಗಿಡುವವರಲ್ಲ. "ಆನೆ ಇರಲಿ ರೀ, ಈ 'ಖಾತ್ರಿ' ಯಾಕೆ?" ಎಂದು ಕೇಳಿದರು.

"ಜಾಗ ಉಳಿದಿತ್ತು ಕಣೆ."

ಮೂರನೆಯ ದಿನ ಒಬ್ಬರು ವ್ಯಾನು ತಂದು, ನಗದು ಕೊಟ್ಟು, ಕುರ್ಚಿ ಹೇರಿಕೊಂಡು ಹೋದರು. ಹೆಸರು, ನಂಬರು ಕೇಳಿ ಇಟ್ಟುಕೊಳ್ಳುವುದು ಯಾರಿಗೂ ಹೊಳೆಯಲಿಲ್ಲ. ಮಾಮ ಖಾಲಿಯಾದ ಜಾಗ ಗುಡಿಸಿ, ಹಣವನ್ನು ಬ್ಯಾಂಕಿಗೆ ಕಟ್ಟಿ, ಮುಂದಿನ ಸೋಮವಾರ ಪ್ರಿಂಟರು ತಂದುಕೊಡಿ ಎಂದು ಅಂಗಡಿಗೆ ಹೇಳಿಬಂದರು.

ಬುಧವಾರ ಬೆಳಿಗ್ಗೆ ಫೋನಿಗೆ ನೋಟಿಸು ಬಂತು. ಮೇಲೆ ತಕ್ಕಡಿಯ ಚಿತ್ರ, ಪಕ್ಕದಲ್ಲಿ ಕಪ್ಪು ಕೋಟಿನ ವಕೀಲರ, ಮುಖ ಗುರುತು ಸಿಗದಷ್ಟು ಪುಟ್ಟ ಫೋಟೋ, ಸುತ್ತ ಕೆಂಪು ಅಂಚು.

'ಆನೆ ಕೂತರೂ ಅಲುಗದು ಎಂದು ನೀವು ಲಿಖಿತ ಖಾತ್ರಿ ನೀಡಿರುತ್ತೀರಿ. ನಮ್ಮ ಕಕ್ಷಿದಾರರು ಆನೆಯಲ್ಲ. ಅವರ ತೂಕ ಕೇವಲ ಐವತ್ತೆಂಟು ಕೆ.ಜಿ. ಆದಾಗ್ಯೂ ಸದರಿ ಕುರ್ಚಿಯು ಕಳಪೆ ಮರದ ಕಾರಣ ಮುರಿದುಬಿದ್ದು ಅವರ ಸೊಂಟಕ್ಕೆ ಪೆಟ್ಟಾಗಿರುತ್ತದೆ. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಪರಿಹಾರ ಪಾವತಿಸದಿದ್ದಲ್ಲಿ ನಿಮ್ಮನ್ನು ಅಂಗಡಿಯಲ್ಲೇ ಬಂಧಿಸಲಾಗುವುದು.'

ಕೇಳಿದ ಮೊತ್ತ ಹೊಸ ಪ್ರಿಂಟರಿನ ಬೆಲೆಗೆ ಅಳತೆ ತೆಗೆದು ಹೊಲಿದ ಹಾಗಿತ್ತು.

ಹೆಂಡತಿ ತಮ್ಮನನ್ನು ಕರೆಸಿದರು. ಈ ಭಾವಮೈದುನ ಇಪ್ಪತ್ತು ವರ್ಷದಿಂದ ವಕೀಲರ ಕಚೇರಿಗಳ ಹೊರಗೆ ಮೇಜು ಹಾಕಿಕೊಂಡು ನೋಟಿಸು ಟೈಪು ಮಾಡುತ್ತಿದ್ದವನು. ಕಾನೂನು ತಲೆಗೆ ಹತ್ತದಿದ್ದರೂ ಬೆರಳಿಗೆ ಹತ್ತಿದೆ ಎಂಬುದು ಅವನ ನಂಬಿಕೆ. ನೋಟಿಸು ಓದುತ್ತ ಓದುತ್ತ ಅವನು ಹತ್ತೂ ಬೆರಳನ್ನು ಮಡಚಿ ಕಂಕುಳಲ್ಲಿ ಬಚ್ಚಿಟ್ಟುಕೊಂಡ.

"ಭಾವ, ಇದು ಸಿವಿಲ್ಲೂ ಹೌದು, ಕ್ರಿಮಿನಲ್ಲೂ ಹೌದು. ಎರಡು ಕಡೆಯಿಂದ್ಲೂ ಹಿಡೀತಾರೆ."

"ಹಿಡೀಲಿ. ಕುರ್ಚಿ ಮುರೀತು ಅಂತ ಬರೆದಿದ್ದಾನಲ್ಲ, ಅದು ಹೇಗೆ ಸಾಧ್ಯ?"

"ಕುರ್ಚಿ ಮನೆ ಹಾಳಾಗ್ಲಿ ಭಾವ! ಬಂಧನ ಅಂತ ಬರೆದಿದ್ದಾರೆ, ಬಂಧನ!"

"ಬಂಧನ ಕೊನೇ ಸಾಲು. ಅದಕ್ಕಿಂತ ಮುಂಚೆ ನೋಡು. ಕಳಪೆ ಮರ ಅಂತೆ! ತೇಗಕ್ಕೆ ಕಳಪೆ ಅಂತಾನೆ! ಇವನು ಜನ್ಮದಲ್ಲಿ ಮರ ಕಂಡಿದ್ದಾನಾ?"

"ಕೊಟ್ಟು ಕೈ ತೊಳ್ಕೊಳ್ಳಿ ಭಾವ. ಪ್ರಿಂಟರ್ ಮುಂದಿನ ವರ್ಷ ತಗೊಂಡ್ರಾಯ್ತು."

"ಮುಂದಿನ ವರ್ಷ ಪ್ರಿಂಟರ್ ಇಡೋಕೆ ಅಂಗಡಿ ಇರಬೇಕಲ್ಲ ಮಹರಾಯ?"

ಹೆಂಡತಿ ಆ ಹೊತ್ತಿಗೆ ನೋಟಿಸನ್ನು ಎರಡನೆಯ ಸಲ ಓದಿ ಮುಗಿಸಿದ್ದರು. "ರೀ, ಕುರ್ಚಿ ತಗೊಂಡವರು ಐವತ್ತೆಂಟು ಕೆ.ಜಿ. ನಾ? ಅವರು ವ್ಯಾನ್ ಹತ್ತಿದಾಗ ವ್ಯಾನು ಆ ಕಡೆಗೆ ವಾಲಿತ್ತು. ನಾನು ನೋಡಿದೀನಿ."

"ನೋವಲ್ಲಿ ಇಳಿದುಹೋಗಿರಬೇಕು ಪಾಪ."

"ಒಂದು ವಾರದಲ್ಲಿ ಅರ್ಧ ಮನುಷ್ಯನಾ?"

ಇದು ಬಹಳ ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆಗಳಿಗೆ ಆ ಮನೆಯಲ್ಲಿ ಯಾವತ್ತು ಬೆಲೆ ಸಿಕ್ಕಿದೆ? ಮಾಮ ಆಗಲೇ ವಕೀಲರಿಗೆ ಫೋನು ಹಚ್ಚಿದ್ದರು. ಆ ಕಡೆಯಿಂದ ಬಂದ ದನಿ ಮಡಕೆಯೊಳಗೆ ಕೂತು ಮಾತಾಡಿದಂತೆ ಗಡಸಾಗಿತ್ತು.

"ಏನ್ರೀ, ಪರಿಹಾರ ಯಾವಾಗ ಹಾಕ್ತೀರಿ?"

"ಸಾರ್, ಅದಕ್ಕೆ ಮುಂಚೆ ಒಂದು ವಿಷಯ. ಯಾವ ಕಾಲು ಮುರೀತು?"

"ಕಾಲಲ್ಲ. ಸೊಂಟ."

"ಕುರ್ಚೀದು ಸಾರ್. ಮುಂದಿನ ಕಾಲೋ, ಹಿಂದಿನ ಕಾಲೋ?"

ಆ ಕಡೆ ಕಾಗದ ತಿರುವಿದ ಸದ್ದು ಕೇಳಿತು. "ನಾಲ್ಕೂ!"

"ನಾಲ್ಕೂ ಒಂದೇ ಸಲಕ್ಕೆ ಮುರಿದ್ರೆ ಮನುಷ್ಯ ಬೀಳೋದಿಲ್ಲ ಸಾರ್. ಕೂತ ಹಾಗೇ ನೆಟ್ಟಗೆ ಇಳೀತಾನೆ. ಎತ್ತರ ಮಾತ್ರ ಕಮ್ಮಿ ಆಗುತ್ತೆ. ಸೊಂಟ ಹೇಗೆ..."

"ನನಗೇ ಪಾಠ ಹೇಳ್ತೀರಾ? ಕುರ್ಚಿ ಗಟ್ಟಿ ಇತ್ತು ಅನ್ನೋದಕ್ಕೆ ಸಾಕ್ಷಿ ಇದೆಯೇನ್ರೀ ನಿಮ್ಮ ಹತ್ರ? ಸಾಕ್ಷಿ?"

ವಕೀಲರು ಹೆದರಿಸಲೆಂದು ಹೇಳಿದ ಮಾತಿದು. ಮಾಮನಿಗೆ ಕೇಳಿಸಿದ್ದು ಅಪ್ಪಣೆಯಾಗಿ. "ಇದೆ ಸಾರ್. ಮೂವತ್ತೊಂದು ವರ್ಷದ್ದಿದೆ. ಶನಿವಾರದೊಳಗೆ ಒದಗಿಸ್ತೀನಿ," ಎಂದು ಹೇಳಿ ಫೋನು ಇಟ್ಟು, ಅಟ್ಟದ ಮೇಲಿಂದ ಹಳೆಯ ಆಲ್ಬಮ್ಮುಗಳನ್ನು ಇಳಿಸತೊಡಗಿದರು. ಹೆಂಡತಿ ಏಣಿ ಹಿಡಿದುಕೊಂಡರು. ಭಾವಮೈದುನ ತಲೆ ಹಿಡಿದುಕೊಂಡ.

ಗುರುವಾರ ಸಂಜೆಯ ಹೊತ್ತಿಗೆ ನಲವತ್ತೊಂದು ಫೋಟೋ ಆಯ್ಕೆಯಾಗಿದ್ದವು. ಆಯ್ಕೆಗೆ ಒಂದೇ ಮಾನದಂಡ: ಕೂತವರು ಪುಷ್ಟವಾಗಿರಬೇಕು. ಹಿಟ್ಟಿನ ಗಿರಣಿಯ ಯಜಮಾನರು ಮತ್ತು ಅವರ ಮೂವರು ತಮ್ಮಂದಿರು, ಒಬ್ಬರು ಕುರ್ಚಿಯಲ್ಲಿ, ಇಬ್ಬರು ಎರಡು ಸಿಂಹಗಳ ಮೇಲೆ, ಕಿರಿಯವನು ಅಣ್ಣನ ತೊಡೆಯ ಮೇಲೆ. ಊರಿನ ಕುಸ್ತಿ ತಂಡ. ಶಾಲೆಯ ಹೆಡ್‌ಮೇಡಂ ನಿವೃತ್ತಿಯ ದಿನ, ತೊಡೆಯ ಮೇಲೆ ಒಂದು ಬೆಳ್ಳಿ ತಟ್ಟೆ, ಎರಡು ನಿಘಂಟು. ಫೋಟೋಗಳನ್ನು ಹರಡಿಕೊಂಡು ನೋಡಿದ ಮಾಮನಿಗೆ ಸಮಾಧಾನವಾಗಲಿಲ್ಲ.

"ಬರೀ ದಪ್ಪ ಕಂಡರೆ ಸಾಲದು. ಕೋರ್ಟು ಅಂಕಿ ಕೇಳುತ್ತೆ. ತೂಕ ಬರೆದು ಸಹಿ ಹಾಕಿಸಬೇಕು. ನೀನು ಒಂದು ಪಟ್ಟಿ ಟೈಪ್ ಮಾಡು."

"ತಲೆಬರಹ ಏನು ಹಾಕ್ಲಿ ಭಾವ?"

"ಆನೆ ವಿಷಯದ ಸಾಕ್ಷಿಗಳು ಅಂತ ಹಾಕು."

ವೃತ್ತಿಯಲ್ಲಿ ಮಿತವ್ಯಯಿಯಾದ ಭಾವಮೈದುನ ಅದನ್ನು ಚಿಕ್ಕದು ಮಾಡಿ ದಪ್ಪ ಅಕ್ಷರದಲ್ಲಿ 'ಆನೆಗಳು' ಎಂದು ಟೈಪು ಮಾಡಿದ. ಕೆಳಗೆ ನಲವತ್ತೊಂದು ಫೋಟೋಗಳ ವಿವರ.

ಶುಕ್ರವಾರ ಬೆಳಿಗ್ಗೆ ಮಾಮ ಆ ಪಟ್ಟಿ ಹಿಡಿದು ಬೀದಿಗಿಳಿದರು. ಗಿರಣಿಯ ಯಜಮಾನರು ಉದಾರಿ, ಯಾವುದಕ್ಕೂ ಇಲ್ಲ ಎನ್ನುವವರಲ್ಲ. ಮೂಟೆ ತೂಗುವ ಯಂತ್ರದ ಮೇಲೆ ತಾವೇ ಹತ್ತಿ ನಿಂತರು. ಮುಳ್ಳು ನೂರ ಹದಿನಾಲ್ಕಕ್ಕೆ ಹೋಗಿ ನಿಂತಿತು. "ಬೇಕಾದ್ರೆ ಇನ್ನೊಂದು ಎರಡು ಕೆ.ಜಿ. ಹಾಕಿ ಬರ್ಕೊಳ್ಳಿ ಮಾಮ, ನಮ್ಮ ಬೀದಿ ಮರ್ಯಾದೆ ಪ್ರಶ್ನೆ," ಎಂದರು. ಹಿಟ್ಟು ಬೀಸಿಸಲು ಬಂದವರು ಸಾಲಾಗಿ ನಿಂತು ತಮ್ಮನ್ನೂ ತೂಗಿಸಿಕೊಂಡರು. ಪುಕ್ಕಟೆ ಎಂದರೆ ನಮ್ಮ ಜನ ಏನನ್ನು ತಾನೆ ಬಿಟ್ಟಾರು?

ಹೆಡ್‌ಮೇಡಂ ಮನೆಯ ಗೇಟಿನಲ್ಲಿ ವಿಷಯ ಬೇರೆಯಾಯಿತು. ಅವರು ನಾಲ್ಕು ಹಳೆಯ ವಿದ್ಯಾರ್ಥಿನಿಯರ ಜೊತೆ ಮಾತಾಡುತ್ತ ನಿಂತಿದ್ದರು.

"ನಮಸ್ಕಾರ ಮೇಡಂ. ನಿಮ್ಮ ತೂಕದ ಬಗ್ಗೆ ಒಂದು ಪ್ರಮಾಣಪತ್ರ ಬೇಕಿತ್ತು."

"ಏನಂದ್ರಿ?"

"ವಕೀಲರು ಕೇಳ್ತಿದ್ದಾರೆ ಮೇಡಂ."

"ನನ್ನ ತೂಕಕ್ಕೂ ವಕೀಲರಿಗೂ ಏನ್ರೀ ಸಂಬಂಧ?"

"ನಾನು ಆನೆ ಅಂತ ಬರೆದುಬಿಟ್ಟಿದ್ದೆ ಮೇಡಂ. ಈಗ ಅದನ್ನ ಸಾಬೀತು ಮಾಡ್ಬೇಕು. ಅದಕ್ಕೆ ನಿಮ್ಮಷ್ಟು ಸೂಕ್ತವಾದವರು..."

ಅಷ್ಟರಲ್ಲಿ ಮೇಡಂ ಮಾಮನ ಕೈಯಲ್ಲಿದ್ದ ಪಟ್ಟಿಯನ್ನು ಕಸಿದುಕೊಂಡು ಓದುತ್ತಿದ್ದರು. 'ಆನೆಗಳು' ಎಂಬ ತಲೆಬರಹದ ಕೆಳಗೆ ಎರಡನೆಯ ಸ್ಥಾನ ಅವರದ್ದು. ನಾಲ್ವರು ವಿದ್ಯಾರ್ಥಿನಿಯರು ಏಕಕಾಲಕ್ಕೆ ಆಕಾಶ ನೋಡತೊಡಗಿದರು.

ಅರ್ಧ ಗಂಟೆಯಲ್ಲಿ ಸ್ಟುಡಿಯೋ ಮುಂದೆ ಜನ ಸೇರಿತು. ಪಟ್ಟಿಯಲ್ಲಿ ಇದ್ದವರಿಗೆ ಇದ್ದೇವೆ ಎಂದು ಸಿಟ್ಟು. ಕುಸ್ತಿ ತಂಡದ ಹಳೆಯ ನಾಯಕರಿಗೆ ಬಿಟ್ಟುಹೋಗಿದೆ ಎಂದು ಸಿಟ್ಟು. "ನನ್ನ ತಂಡದವರನ್ನೆಲ್ಲ ಹಾಕಿ ನನ್ನ ಬಿಟ್ರಲ್ಲ, ನಾನೇನು ಬಡಕಲಾ?" ಎಂದು ಅವರು ಅಂಗಿಯ ತೋಳು ಮಡಚಿದರು. ದರ್ಜಿಯಮ್ಮ ತನ್ನ ಅಳತೆ ಟೇಪನ್ನೇ ತಂದಿದ್ದಳು. "ಕ್ಯಾಮೆರಾ ಎಲ್ಲರನ್ನೂ ದಪ್ಪ ತೋರಿಸುತ್ತೆ ಅಂತ ನೀವೇ ಹೇಳಿಲ್ವಾ ಮಾಮ? ಈಗ ಅದೇ ಫೋಟೋ ಇಟ್ಕೊಂಡು ಆನೆ ಅಂತೀರಾ?"

ಮಾಮ ಸ್ಟೂಲಿನ ಮೇಲೆ ಹತ್ತಿ ನಿಂತರು. ಭಾಷಣ ಅವರಿಗೆ ಒಗ್ಗಿದ್ದಲ್ಲ. ಜನರನ್ನು ನೋಡಿದರೆ ಹಿಂದಿನ ಸಾಲಿನವರು ಸ್ವಲ್ಪ ಸರಿಯಬೇಕು ಎಂದಷ್ಟೇ ಅನಿಸುವುದು. ಆದರೂ ಗಂಟಲು ಸರಿಪಡಿಸಿಕೊಂಡರು.

"ನಮ್ಮ ಕುರ್ಚಿ ಮುರೀತು ಅಂತ ಒಬ್ಬ ಹೇಳ್ತಿದ್ದಾನೆ. ಕಳಪೆ ಮರ ಅಂತೆ. ಐವತ್ತೆಂಟು ಕೆ.ಜಿ. ಮನುಷ್ಯ ಕೂತಿದ್ದಕ್ಕೆ ನಾಲ್ಕೂ ಕಾಲು ಹೋಯ್ತಂತೆ. ನೀವೆಲ್ಲ ಕೂತಿದ್ದೀರಲ್ಲ, ಹೇಳಿ. ಅಲುಗಿತ್ತಾ?"

ಕುಸ್ತಿ ನಾಯಕರು ಮಡಚಿದ ತೋಳನ್ನು ಇಳಿಸಿದರು. ಆ ಕುರ್ಚಿಯ ಮೇಲೆ ಎಲ್ಲರದೂ ಏನಾದರೊಂದು ಇತ್ತು. ದರ್ಜಿಯಮ್ಮನ ಮಗ ಚೀಪಿದ ಮೂಗು ಅದರದ್ದು.

"ಯಾವನ್ರೀ ಅವನು?" ಎಂದರು ಗಿರಣಿಯ ಯಜಮಾನರು. "ನಾವು ನಾಲ್ಕು ಜನ ಅಣ್ಣತಮ್ಮಂದಿರು ಕೂತಿದ್ವಿ. ಕಿರ್ ಅಂತ ಒಂದು ಸದ್ದು ಮಾಡ್ಲಿಲ್ಲ!"

"ಅವನಿಗೆ ಒಂದು ಕಾಸು ಕೊಟ್ಟರೆ ನೋಡಿ ಮತ್ತೆ!" ಎಂದಳು ದರ್ಜಿಯಮ್ಮ. ಅಳತೆ ಟೇಪು ಈಗ ಚಾವಟಿಯ ಹಾಗೆ ಕಾಣುತ್ತಿತ್ತು.

ಎಲ್ಲರೂ ಗಿರಣಿಗೆ ಹೋಗಿ ತೂಗಿಸಿಕೊಂಡು ಸಹಿ ಹಾಕಿದರು. ಕೊನೆಗೆ ಹೆಡ್‌ಮೇಡಂ ಬಂದರು. ಯಾರೂ ನೋಡದ ಹಾಗೆ ಬಾಗಿಲು ಹಾಕಿಸಿ ಯಂತ್ರ ಹತ್ತಿದರು, ತಾವೇ ಅಂಕಿ ಬರೆದರು, ಲಕೋಟೆಗೆ ಹಾಕಿ ಅರಗು ಒತ್ತಿದರು. "ಇದನ್ನ ನ್ಯಾಯಾಧೀಶರು ಮಾತ್ರ ಒಡೀಬೇಕು. ಬೇರೆ ಯಾರಾದ್ರೂ ಒಡೆದ್ರೆ ನಾನು ಕೇಸ್ ಹಾಕ್ತೀನಿ, ಅದು ಮಾತ್ರ ನಿಜವಾದ ಕೇಸು."

ಸಂಜೆ ಮಾಮ ನಲವತ್ತೊಂದು ಫೋಟೋಗಳನ್ನೂ ವಕೀಲರಿಗೆ ಒಂದೊಂದಾಗಿ ಕಳಿಸತೊಡಗಿದರು. ಪ್ರತಿಯೊಂದರ ಕೆಳಗೂ ತೂಕ, ಸಹಿ. ಹದಿನೆಂಟನೆಯದು ಹೋಗುವಾಗ ಆ ಕಡೆಯಿಂದ ಕರೆ ಬಂತು.

"ಇವರೆಲ್ಲ ಯಾರ್ರೀ?"

"ಸಾಕ್ಷಿಗಳು ಸಾರ್. ಇನ್ನೂ ಇಪ್ಪತ್ಮೂರು ಫೋಟೋ ಬರ್ತಿವೆ. ಅದರಲ್ಲಿ ಒಂದು ಲಕೋಟೇದು, ಅದನ್ನ ನೀವು ಒಡೆಯೋ ಹಾಗಿಲ್ಲ."

"ನಿಲ್ಸ್ರೀ! ನನ್ನ ಫೋನ್ ತುಂಬಿಹೋಯ್ತು! ನೋಡಿ, ನಾಳೆ ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ವಿಚಾರಣೆ. ನೇರವಾಗಿ ನನ್ನ ಮುಂದೆ ಕೂತ್ಕೋಬೇಕು. ಹಣ ಸಿದ್ಧ ಇರಬೇಕು. ಇಲ್ಲಾಂದ್ರೆ ಹನ್ನೆರಡಕ್ಕೆ ನಿಮ್ಮ ಬಾಗಿಲಿಗೆ ಪೊಲೀಸ್ ಬರ್ತಾರೆ."

ಶನಿವಾರ ಬಂತು. ಬೆಳಿಗ್ಗೆ ಹೆಂಡತಿ ಅಂಗಡಿಯ ಬಾಗಿಲು ತೆರೆಯುತ್ತ, "ರೀ, ಅವರು ಹೆಚ್ಚು ಕೂಗಾಡಿದ್ರೆ ಕೊಟ್ಟುಬಿಡೋಣ. ನನಗೆ ನಿಮಗಿಂತ ಪ್ರಿಂಟರ್ ದೊಡ್ಡದಲ್ಲ," ಎಂದರು.

"ನನಗೆ ನಾನು ದೊಡ್ಡವನಲ್ಲ ಕಣೆ. ತೇಗ ದೊಡ್ಡದು," ಎಂದರು ಮಾಮ. ಹೇಳಿದ ಮೇಲೆ ಅದಕ್ಕೇನು ಅರ್ಥ ಎಂದು ಅವರಿಗೂ ಸ್ಪಷ್ಟವಿರಲಿಲ್ಲ, ಆದರೆ ಹೇಳಿದ್ದು ಹಿತವಾಗಿತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮಾಮ ಫೋನನ್ನು ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಹೆಂಡತಿ ಫೋನಿನ ಪಕ್ಕ ನಿಂತರು. ಭಾವಮೈದುನ ತನ್ನ ಫೋನಿನಲ್ಲಿ ಹಣ ಕಳಿಸುವ ಪರದೆ ತೆರೆದು, ಮೊತ್ತ ಒತ್ತಿಟ್ಟುಕೊಂಡು, ವಕೀಲರ ಕಣ್ಣಿಗೆ ಬೀಳಬಾರದೆಂದು ಮೇಜಿನ ಕೆಳಗೆ ಹೋಗಿ ಕೂತ. "ನೀವು ಕೆಮ್ಮಿದ್ರೆ ನಾನು ಕಳಿಸಿಬಿಡ್ತೀನಿ ಭಾವ," ಎಂದ ಅಲ್ಲಿಂದ.

"ನಾನು ಇವತ್ತು ಕೆಮ್ಮೋದಿಲ್ಲ."

ಕರೆ ಬಂತು. ವಕೀಲರು ಕಾಣಿಸಿಕೊಂಡರು. ಕಪ್ಪು ಕೋಟು, ಬಿಳಿ ಪಟ್ಟಿ, ಬೆನ್ನ ಹಿಂದೆ ಗೋಡೆ ತುಂಬ ಕಾನೂನಿನ ಪುಸ್ತಕಗಳು. ಆ ಪುಸ್ತಕಗಳನ್ನು ನೋಡಿಯೇ ಹೆಂಡತಿ ಸೆರಗು ಸರಿಮಾಡಿಕೊಂಡರು. ಎಷ್ಟು ಓದಿದ ಮನುಷ್ಯ!

ಮಾಮನಿಗೆ ಕಂಡದ್ದು ಬೇರೆ. ವಕೀಲರ ಮುಖದ ಬಲಭಾಗ ಪೂರ್ತಿ ಕತ್ತಲಲ್ಲಿತ್ತು. ಬೆಳಕು ಒಂದೇ ಕಡೆಯಿಂದ ಬೀಳುತ್ತಿತ್ತು. ಇಂಥ ಬೆಳಕಿನಲ್ಲಿ ಮುಖ ಇಡುವುದು ಮಾಮನ ಲೆಕ್ಕದಲ್ಲಿ ಬಂಧನಕ್ಕೆ ಯೋಗ್ಯವಾದ ಅಪರಾಧ.

"ಹಣ ಸಿದ್ಧ ಇದೆಯಾ?" ವಕೀಲರು ಗುಡುಗಿದರು.

ಆಗಲೇ ಅವರ ಹಿಂದೆ ಪುಸ್ತಕದ ಕಪಾಟು ಮೆಲ್ಲಗೆ ಉಬ್ಬಿತು. ಮತ್ತೆ ಒಳಗೆ ಹೋಯಿತು. ಮತ್ತೆ ಉಬ್ಬಿತು. ನೂರಾರು ಕಾನೂನು ಗ್ರಂಥಗಳು ಒಟ್ಟಾಗಿ ಉಸಿರಾಡಿದಂತಿತ್ತು.

ಮಾಮ ಗಾಬರಿಯಿಂದ ಎದ್ದು ನಿಂತರು. "ಸಾರ್! ಹಿಂದೆ ನೋಡಿ ಸಾರ್! ಕಪಾಟು ನಿಮ್ಮ ಮೇಲೇ ಬೀಳ್ತಿದೆ! ನಿಮ್ಮ ಕಡೆ ಭೂಕಂಪ ಆಗ್ತಿದೆ! ಆಚೆ ಓಡಿ!"

ವೈರಿಯಾದರೇನು, ಜೀವ ಜೀವವೇ. ವಕೀಲರು ಬೆಚ್ಚಿ ತಿರುಗಿ ಎರಡೂ ಕೈಗಳಿಂದ ಕಪಾಟನ್ನು ಹಿಡಿದುಕೊಂಡರು. ಹಿಡಿದ ಕಡೆ ಹತ್ತು ಸಂಪುಟಗಳು ಸುಕ್ಕುಗಟ್ಟಿದವು. ಮೂರನೆಯ ಸಾಲಿನಲ್ಲಿ ಒಂದು ಪುಸ್ತಕ ತಲೆಕೆಳಗಾಗಿ ನಿಂತಿತ್ತು.

ಮಾಮ ಕುತ್ತಿಗೆ ಚಾಚಿ ನೋಡಿದರು. ಆ ತಲೆಕೆಳಗಾದ ಪುಸ್ತಕ ಅವರಿಗೆ ಗೊತ್ತು. ಪದವಿ ಪಡೆದವರ ಫೋಟೋಗೆಂದು ಹಿಂದೆ ತೂಗುಹಾಕುವ ಬಟ್ಟೆಯ ಪರದೆಗಳು ಬರುತ್ತವೆ. ಎಲ್ಲ ಸ್ಟುಡಿಯೋದವರೂ ಒಂದೇ ಕಡೆಯಿಂದ ತರಿಸುತ್ತಾರೆ. ಅವುಗಳನ್ನು ಮುದ್ರಿಸಿದವನು ಮೂರನೆಯ ಸಾಲಿನಲ್ಲಿ ಒಂದು ಪುಸ್ತಕವನ್ನು ತಿರುಗಿಸಿಟ್ಟಿದ್ದ. ಮಾಮನ ಅಂಗಡಿಯಲ್ಲೂ ಅಂಥದ್ದೊಂದಿದೆ, ಜಲಪಾತದ ಪರದೆಯ ಹಿಂದೆ ಸುತ್ತಿಟ್ಟಿದೆ.

ಹಿಂದಿನ ದಿನವಷ್ಟೇ ಇಡೀ ಬೀದಿಯನ್ನು ತೂಗಿದ ಮನುಷ್ಯನಿಗೆ ಆಗ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ಇವನು ವಕೀಲನೇ ಅಲ್ಲ, ಜಾಹೀರಾತು ಓದಿ ಕಥೆ ಕಟ್ಟಿದವನು. ಕುರ್ಚಿ ಮುರಿದಿಲ್ಲ. ಎಲ್ಲೋ ಒಂದು ಮನೆಯಲ್ಲಿ ಅದು ಸುಖವಾಗಿದೆ. ಮಾಮನಿಗೆ ಮೊದಲು ಬಂದದ್ದು ಸಂತೋ‌ಷ. ಎರಡನೆಯದಾಗಿ ಬಂದದ್ದು ವೃತ್ತಿಯ ಸಿಟ್ಟು: ಪರದೆಯ ಕೆಳಗೆ ಒಂದು ಕೋಲು ಕಟ್ಟಿದ್ದರೆ ಹೀಗೆ ಹಾರಾಡುತ್ತದೆಯೇ? ಮೋಸ ಮಾಡುವುದಕ್ಕೂ ಒಂದು ಶ್ರದ್ಧೆ ಬೇಡವೇ?

"ಏನ್ರೀ ನೋಡ್ತಿದ್ದೀರಿ? ಹಣ ಹಾಕಿ!" ವಕೀಲರು ಮತ್ತೆ ಕೂತು ಕೋಟು ಸರಿಮಾಡಿಕೊಂಡರು.

ಮಾಮ ಸ್ಟೂಲಿನ ಮೇಲೆ ನಿಧಾನವಾಗಿ ಕೂತರು. ಹೆಂಡತಿಯ ಕಡೆ ತಿರುಗಿ, ಗಿರಾಕಿ ಸಿದ್ಧವಾದಾಗ ಮಾಡುವ ಹಾಗೆ ಹುಬ್ಬು ಒಂದಿಷ್ಟು ಎತ್ತಿದರು. ಮೂವತ್ತೊಂದು ವರ್ಷದಲ್ಲಿ ಆ ಹುಬ್ಬಿಗೆ ಒಂದೇ ಅರ್ಥ. ಹೆಂಡತಿಯ ಬೆರಳು ತಾನಾಗಿ, ಫೋನಿನಲ್ಲಿ ಕಾಣುತ್ತಿರುವುದನ್ನೇ ಫೋಟೋ ಹಿಡಿಯುವ ಗುಂಡಿಯ ಬಳಿ ಹೋಯಿತು.

"ಹಾಕ್ತೀನಿ ಸಾರ್. ಆದ್ರೆ ಯಾರಿಗೆ ಕೊಡ್ತಿದ್ದೀನಿ ಅಂತ ಮುಖ ಕಾಣ್ಬೇಕಲ್ಲ? ಅರ್ಧ ಕತ್ತಲೇಲಿದ್ದೀರಿ. ನಿಮ್ಮಂಥ ದೊಡ್ಡವರು ಹೀಗೆ ಕೂತ್ರೆ ಕಳ್ಳರ ಥರ ಕಾಣ್ತೀರಿ. ಸ್ವಲ್ಪ ಕಿಟಕಿ ಕಡೆ ತಿರುಗಿ."

ವಕೀಲರು ಹಿಂಜರಿದರು. ಆದರೆ ಫೋಟೋದವನು ತಿರುಗಿ ಎಂದಾಗ ತಿರುಗದೆ ಇರಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ತಿರುಗಿದರು.

"ಅಷ್ಟಲ್ಲ, ಅರ್ಧ. ಹಾಂ. ಗಲ್ಲ ಒಂಚೂರು ಕೆಳಗೆ. ಕೂದಲು ಹಿಂದಕ್ಕೆ ಮಾಡ್ಕೊಳ್ಳಿ ಸಾರ್, ಎರಡೂ ಕಿವಿ ಕಾಣ್ಬೇಕು."

"ಕಿವಿ ಯಾಕೆ?"

"ನಿಯಮ ಸಾರ್. ನೀವು ಕಾನೂನು ಓದಿದವರು, ನಿಮಗೆ ನಾನು ಹೇಳ್ಬೇಕಾ?"

ಕಾನೂನು ಓದಿದವರು ಕೂದಲು ಹಿಂದಕ್ಕೆ ತಳ್ಳಿಕೊಂಡರು.

"ಕಾಲರ್ ಎಡಗಡೆ ಮಡಚಿದೆ," ಎಂದರು ಹೆಂಡತಿ. ಬೆಳಿಗ್ಗೆಯಿಂದ ಕುಗ್ಗಿದ್ದ ಅವರ ದನಿ ಈಗ ಗಟ್ಟಿಯಾಗಿತ್ತು. ವಕೀಲರು ಕಾಲರ್ ನೆಟ್ಟಗೆ ಮಾಡಿಕೊಂಡರು.

"ಉಸಿರು ಹಿಡ್ಕೊಳ್ಳಿ. ಕಣ್ಣು ತೆರೆದಿರಲಿ. ನಗಬೇಡಿ... ಇನ್ನೊಂದು ತೆಗೀ ಕಣೆ, ಸೇಫ್ಟಿಗೆ ಇರಲಿ... ಆಯ್ತು ಸಾರ್. ಥ್ಯಾಂಕ್ಸ್."

"ಆಯ್ತು ಅಂದ್ರೆ? ಹಣ?"

"ಫೋಟೋಗೆ ಹಣ ಗಿರಾಕಿ ಕೊಡ್ಬೇಕು ಸಾರ್, ನಾನಲ್ಲ," ಎಂದರು ಮಾಮ. "ಮತ್ತೆ ಪರದೆಗೆ ಕೆಳಗೆ ಒಂದು ಕೋಲು ಕಟ್ಟಿ. ನಾವೂ ಅದನ್ನೇ ಇಟ್ಕೊಂಡಿದ್ದೀವಿ, ನಮ್ಮದು ಹಾರೋದಿಲ್ಲ."

ವಕೀಲರ ಮುಖದಿಂದ ವಕೀಲರು ಇಳಿದುಹೋದರು. ಎರಡು ಕಿವಿಗಳ ನಡುವೆ ಒಬ್ಬ ಸಾಮಾನ್ಯ ಮನುಷ್ಯ ಮಾತ್ರ ಉಳಿದು, ಆಮೇಲೆ ಕರೆ ಕಡಿದು ಫೋನೂ ಕತ್ತಲಾಯಿತು. ಆ ಕತ್ತಲೆಯನ್ನು ನೋಡುತ್ತ ಮಾಮ ವಿಜಯದಿಂದ ಗಂಟಲು ಸರಿಪಡಿಸಿಕೊಂಡರು.

"ಕೆಮ್ಮಿದ್ರಾ ಭಾವ? ಕಳಿಸ್ಲಾ?" ಮೇಜಿನ ಕೆಳಗಿನಿಂದ ದನಿ ಬಂತು.

ಆ ಫೋನನ್ನು ಕಸಿದುಕೊಳ್ಳಲು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮೇಜಿನ ಕೆಳಗೆ ನುಗ್ಗಿದ ದೃಶ್ಯದ ಫೋಟೋ ತೆಗೆಯಲು ಯಾರೂ ಇರಲಿಲ್ಲ ಎಂಬುದೊಂದೇ ಆ ದಿನದ ಕೊರತೆ. ಹಣ ಉಳಿಯಿತು. ಭಾವಮೈದುನನ ತಲೆಗೆ ಮೇಜು ಬಡಿದು ಬುಗುಟೆ ಎದ್ದಿತು, ಅದಕ್ಕೆ ಪರಿಹಾರ ಯಾರೂ ಕೊಡಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಪೊಲೀಸರು ಬರಲಿಲ್ಲ. ಹನ್ನೆರಡೂವರೆಗೆ ಮಾಮನೇ ಠಾಣೆಗೆ ಹೋದರು. ಬೀದಿಯ ಅರ್ಧ ಜನ ಹಿಂದೆ ಹೊರಟಿದ್ದರು, ಗಿರಣಿಯ ಯಜಮಾನರು ಬಾಗಿಲಲ್ಲಿ ನಿಂತದ್ದರಿಂದ ಒಳಗೆ ಬೆಳಕು ಕಡಿಮೆಯಾಯಿತು. ಠಾಣೆಯ ಅಧಿಕಾರಿ ಫೋನಿನಲ್ಲಿದ್ದ ಮುಖವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಇಂಥ ದೂರು ತಿಂಗಳಿಗೆ ಹತ್ತು ಬರುತ್ತೆ. ಎಲ್ಲರೂ ನಂಬರ್ ತರ್ತಾರೆ, ಅತ್ಕೊಂಡು ಬರ್ತಾರೆ. ಮುಖ ತಂದವರು ನೀವೇ ಮೊದಲು. ಅದೂ ಇಷ್ಟು ಚೆನ್ನಾಗಿರೋ ಮುಖ! ಹೇಗೆ ಒಪ್ಪಿದ ಇವನು?"

"ಒಪ್ಪಿಸ್ಲಿಲ್ಲ ಸಾರ್. ತಿರುಗಿ ಅಂದೆ."

"ಇದನ್ನ ನಮಗೆ ಕೊಡಿ. ನೀವು ಮಾತ್ರ ಎಲ್ಲೂ ಹಾಕ್ಬೇಡಿ. ಕಳ್ಳ, ಮೋಸಗಾರ ಅಂತೆಲ್ಲ ಬರೀಬೇಡಿ. ಹಿಡಿಯೋದು ನಮ್ಮ ಕೆಲಸ."

ಮಾಮ ಈ ಸಲಹೆಯಲ್ಲಿ 'ಬರೀಬೇಡಿ' ಎಂಬ ಭಾಗವನ್ನು ಮಾತ್ರ ಅಕ್ಷರಶಃ ಪಾಲಿಸಿದರು. ಸೋಮವಾರ ಹೊಸ ಪ್ರಿಂಟರು ಬಂತು. ಅದರಿಂದ ಹೊರಬಂದ ಮೊದಲ ಚಿತ್ರವೇ ಈ ಮುಖ, ಅಂಗೈಗಿಂತ ಮೂರು ಪಟ್ಟು ದೊಡ್ಡದು, ಚರ್ಮದ ಬಣ್ಣ ಚರ್ಮದ್ದೇ. ಷೋಕೇಸಿನ ನಡುವೆ, ಬಹುಮಾನ ಪಡೆದ ಮಗುವಿನ ಪಕ್ಕದಲ್ಲಿ ಅದನ್ನು ತೂಗುಹಾಕಿದರು. ಕೆಳಗೆ ಒಂದು ಅಕ್ಷರ ಬರೆಯಲಿಲ್ಲ.

ಬರೆಯುವ ಅಗತ್ಯವೂ ಇರಲಿಲ್ಲ. ಬೀದಿಯವರು ಒಬ್ಬೊಬ್ಬರಾಗಿ ಬಂದು ಆ ಚಿತ್ರವನ್ನು ತಮ್ಮ ಫೋನಿನಲ್ಲಿ ಹಿಡಿದುಕೊಂಡು, ತಮಗೆ ತೋಚಿದ ತಲೆಬರಹ ಕೊಟ್ಟು, ಇರುವ ನೆಂಟರಿಗೆಲ್ಲ ಕಳಿಸಿದರು. ದರ್ಜಿಯಮ್ಮ ಕೊಟ್ಟ ತಲೆಬರಹವನ್ನು ಇಲ್ಲಿ ಬರೆಯುವಂತಿಲ್ಲ. ನೆಂಟರು ತಮ್ಮ ನೆಂಟರಿಗೆ ಕಳಿಸಿದರು. ಹೀಗೆ ತಿರುಗಿ ತಿರುಗಿ ಆ ಮುಖ ತನ್ನ ಒಡೆಯನನ್ನು ತಾನೇ ಹುಡುಕಿಕೊಂಡು ಹೋಯಿತು.

ಗುರುವಾರ ಮಾಮನ ಫೋನಿಗೆ ಹೊಸ ನಂಬರಿನಿಂದ ಇನ್ನೊಂದು ನೋಟಿಸು ಬಂತು. ಈ ಸಲ ತಕ್ಕಡಿಯ ಚಿತ್ರ ಇರಲಿಲ್ಲ, ಕೆಂಪು ಅಂಚೂ ಇರಲಿಲ್ಲ.

'ನನ್ನ ಅನುಮತಿ ಇಲ್ಲದೆ ನನ್ನ ಫೋಟೋ ತೆಗೆದು ಅಂಗಡಿಯಲ್ಲಿ ಹಾಕಿದ್ದೀರಿ. ನಮ್ಮ ಮನೆಯವರೆಲ್ಲ ನೋಡಿದ್ದಾರೆ. ಇಪ್ಪತ್ತನಾಲ್ಕು ಗಂಟೆಯೊಳಗೆ ತೆಗೆದು ನನಗೆ ವಾಪಸ್ ಕೊಡದಿದ್ದರೆ ಕಾನೂನು ಕ್ರಮ ಕೈಗೊಳ್ಳುತ್ತೇನೆ.'

ಭಾವಮೈದುನ ಅದನ್ನು ಓದಿ ಬುಗುಟೆ ಸವರಿಕೊಂಡ. "ಭಾವ, ಬೇಜಾರು ಮಾಡ್ಕೋಬೇಡಿ. ಈ ಸಲ ಮಾತ್ರ ಅವನ ಹತ್ರ ಪಾಯಿಂಟ್ ಇದೆ."

"ಇದೆ," ಎಂದು ಮಾಮ ಒಪ್ಪಿಕೊಂಡರು. "ಗಿರಾಕಿ ಫೋಟೋ ಗಿರಾಕಿಗೆ ಸೇರಬೇಕು. ಅದು ಧರ್ಮ."

ಹೆಂಡತಿ ಕನ್ನಡಕ ತೆಗೆದುಕೊಟ್ಟರು. ಮಾಮ ಷೋಕೇಸಿನ ಪಕ್ಕ ನಿಂತು, ಒಂದೊಂದೇ ಅಕ್ಷರ ಒತ್ತಿ, ಉತ್ತರ ಬರೆದರು. ಹೆಂಡತಿ ಅದನ್ನು ಎರಡು ಸಲ ಓದಿದರು. ಒಂದು ಅಕ್ಷರವನ್ನೂ ತೆಗೆಯಲು ಹೇಳಲಿಲ್ಲ.

'ಮಾನ್ಯರೇ, ನಿಮ್ಮ ಫೋಟೋ ಸಿದ್ಧವಾಗಿದೆ. ಪಾಸ್‌ಪೋರ್ಟ್ ಸೈಜಿನವು ಎಂಟು, ದೊಡ್ಡದು ಒಂದು. ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ. ದಯವಿಟ್ಟು ಖುದ್ದಾಗಿ ಬಂದು ತೆಗೆದುಕೊಂಡು ಹೋಗಿ. ರಶೀದಿ ಇಲ್ಲದಿದ್ದರೂ ಚಿಂತೆಯಿಲ್ಲ, ಮುಖ ತೋರಿಸಿದರೆ ಸಾಕು.'